ಮೂಕ ರೋಗಿಗೆ ನಡಿಗೆಯ ಪಾಠ

1972ನೆಯ ಇಸವಿ ಆಗಸ್ಟ್ 30. ಇಂಗ್ಲೆಂಡಿನ ಕಿಂಗ್ಸ್‌ಕ್ಲಿಯರ್ ಎಂಬ ಹಳ್ಳಿಯ ಬಯಲಿನಲ್ಲಿ ಓಟದ ಕುದುರೆಗಳಿಗೆ ಅಭ್ಯಾಸ ನಡೆದಿತ್ತು. ಅವುಗಳಲ್ಲಿ ಒಂದು ಮಿಲ್ ರೀಫ್. ಹಿಂದಿನ ವರ್ಷ ಎಪ್ಸಮ್ಮಿನ ಡರ್ಬಿ ಪಂದ್ಯವನ್ನೂ ಪ್ಯಾರಿಸಿನ ಆರ್ಕ್ ದ ತ್ರಿಯೋಂಫ್ ಪಂದ್ಯವನ್ನೂ ಒಂದೇ ಋತುವಿನಲ್ಲಿ ಗೆದ್ದು, ಯೂರೋಪಿನಲ್ಲೆಲ್ಲ ಮನೆಮಾತಾಗಿದ್ದ ಕುದುರೆ ಅದು. ಓಡುತ್ತಿದ್ದಂತೆಯೇ ಅದರ ಎಡ ಮುಂಗಾಲಿನ ಎಲುಬು ಮುರಿಯಿತು.

ಕುದುರೆಯ ಕಾಲು ಮುರಿದರೆ ಗುಂಡಿಕ್ಕುವುದೇ ದಯೆ ಎಂಬುದು ಬಹುಕಾಲದಿಂದ ನಡೆದುಬಂದ ರೂಢಿ. ಮಿಲ್ ರೀಫ್‌ನ ವಿಷಯದಲ್ಲಿ ಹಾಗಾಗಲಿಲ್ಲ. ಉಕ್ಕಿನ ಪಟ್ಟಿಯನ್ನೂ ತಿರುಪುಮೊಳೆಗಳನ್ನೂ ಇಟ್ಟು ಎಲುಬನ್ನು ಕೂಡಿಸಿದರು. ಕಾಲಿಗೆ ಪ್ಲಾಸ್ಟರ್ ಹಾಕಿ ವಾರಗಟ್ಟಲೆ ಲಾಯದಲ್ಲಿ ನಿಲ್ಲಿಸಿದರು. ಆ ಬಳಿಕ ಹೆಜ್ಜೆ ಹೆಜ್ಜೆಯಾಗಿ ನಡೆಸಿದರು. ಅದು ಮತ್ತೆ ಪಂದ್ಯದಲ್ಲಿ ಓಡಲಿಲ್ಲವೆಂಬುದೇನೋ ನಿಜ. ಆದರೆ ನಾಲ್ಕು ಕಾಲಿನ ಮೇಲೆ ನಡೆದು ತಳಿಶಾಲೆಗೆ ಹೋಯಿತು. 1978ರಲ್ಲಿ ಅದರ ಮಗ ಷರ್ಲಿ ಹೈಟ್ಸ್ ತಂದೆ ಗೆದ್ದಿದ್ದ ಅದೇ ಡರ್ಬಿಯನ್ನು ಗೆದ್ದಿತು.

ಎಲುಬನ್ನು ಕೂಡಿಸುವುದು ಶಸ್ತ್ರವೈದ್ಯನ ಕೆಲಸ. ಕೂಡಿದ ಕಾಲು ಮತ್ತೆ ನಡೆಯುವ ಕಾಲಾಗಬೇಕಾದರೆ ಬೇರೊಂದು ವಿದ್ಯೆ ಬೇಕು. ಮನುಷ್ಯರಿಗೆ ಆ ವಿದ್ಯೆ ಫಿಸಿಯೋಥೆರಪಿ ಎಂಬ ಹೆಸರಿನಿಂದ ಚೆನ್ನಾಗಿ ಪರಿಚಿತವಾಗಿದೆ. ಮಂಡಿಯ ಶಸ್ತ್ರಕ್ರಿಯೆಯಾದ ಅಜ್ಜನಿಗೆ ಚಿಕಿತ್ಸಕರು ಬಂದು, “ಕಾಲು ಮಡಿಸಿ, ಹತ್ತು ಎಣಿಸಿ, ಈಗ ನೀಡಿ” ಎನ್ನುತ್ತಾರೆ. ಅಜ್ಜ ಗೊಣಗಿದರೂ ಮಾಡುತ್ತಾರೆ. ಏಕೆಂದರೆ ಈ ನೋವು ನಾಳಿನ ಸುಖಕ್ಕಾಗಿ ಎಂಬುದು ಅವರಿಗೆ ಗೊತ್ತು. ಕುದುರೆಗೂ ನಾಯಿಗೂ ಈ ಮಾತನ್ನು ತಿಳಿಸುವ ಬಗೆ ಹೇಗೆ? “ಇಂದು ಹತ್ತು ನಿಮಿಷ ಮಾತ್ರ ನಡೆ, ಓಡಬೇಡ” ಎಂದರೆ ಕುದುರೆ ಕೇಳೀತೇ? “ನೋಯುವ ಕಾಲಿನ ಮೇಲೂ ಭಾರ ಹಾಕು” ಎಂದರೆ ನಾಯಿಗೆ ಅರ್ಥವಾದೀತೇ? ಪ್ರಾಣಿಗಳ ಅಂಗಚಿಕಿತ್ಸೆಯ ಸೊಗಸೂ ಕಷ್ಟವೂ ಈ ಪ್ರಶ್ನೆಯಲ್ಲಿಯೇ ಅಡಗಿವೆ.

ನಾಲ್ಕು ಕಂಬಗಳ ಮೇಲೆ

ಕಾಲಿನ ಗಾಯ ಕುದುರೆಗೆ ಪ್ರಾಣಸಂಕಟವಾಗುವುದೇಕೆಂದು ತಿಳಿಯಬೇಕಾದರೆ ಅದರ ದೇಹರಚನೆಯನ್ನು ನೋಡಬೇಕು. ಪೂರ್ಣ ಬೆಳೆದ ಓಟದ ಕುದುರೆ ಸುಮಾರು 450ರಿಂದ 500 ಕಿಲೋಗ್ರಾಂ ತೂಗುತ್ತದೆ. ಈ ಭಾರದಲ್ಲಿ ನೂರಕ್ಕೆ ಅರುವತ್ತರಷ್ಟು ಮುಂಗಾಲುಗಳ ಪಾಲಿಗೆ ಬರುತ್ತದೆ. ಆ ಮುಂಗಾಲಿನ ಮಂಡಿಯಿಂದ ಕೆಳಗೆ ಮಾಂಸಖಂಡ ಇಲ್ಲವೆಂದೇ ಹೇಳಬೇಕು. ಅಲ್ಲಿರುವುದು ಎಲುಬು, ಅದರ ಹಿಂದೆ ಹಗ್ಗದಂತೆ ಬಿಗಿದ ಸ್ನಾಯುರಜ್ಜುಗಳು, ಅವುಗಳ ಮೇಲೆ ಚರ್ಮ, ಅಷ್ಟೆ. ಮೇಲಿನ ಮಾಂಸಖಂಡಗಳ ಬಲವೆಲ್ಲ ಈ ಹಗ್ಗಗಳ ಮೂಲಕವೇ ಗೊರಸಿಗೆ ಇಳಿಯಬೇಕು.

ನಾಗಾಲೋಟದಲ್ಲಿ ಈ ರಜ್ಜು ರಬ್ಬರಿನಂತೆ ಎಳೆದು, ಬಿಟ್ಟು, ಮತ್ತೆ ಎಳೆಯುತ್ತದೆ. ಕುದುರೆಯ ವೇಗದ ಗುಟ್ಟು ಇದೇ. ಅದರ ಅಪಾಯವೂ ಇದೇ. ಓಟದ ಸಮಯದಲ್ಲಿ ರಜ್ಜುವಿನ ನಡುಭಾಗದ ಉಷ್ಣತೆ 45 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುವುದನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರೆ. ತಾಳಿಕೆಯ ಅಂಚಿನಲ್ಲಿಯೇ ಕೆಲಸ ಮಾಡುವ ಈ ಹಗ್ಗದ ಕೆಲವು ಎಳೆಗಳು ಒಂದು ದಿನ ಹರಿಯುತ್ತವೆ. ರಕ್ತಸಂಚಾರ ಕಡಮೆಯಾದ ಜಾಗವಾದುದರಿಂದ ಗಾಯ ಬಹು ನಿಧಾನವಾಗಿ ಮಾಯುತ್ತದೆ. ಮಾಯ್ದ ಮೇಲೂ ಅಲ್ಲಿ ಬೆಳೆಯುವ ಹೊಸ ಅಂಗಾಂಶ ಮೊದಲಿನಷ್ಟು ಬಾಗದು, ಮೊದಲಿನಷ್ಟು ಎಳೆಯದು.

ಇನ್ನೊಂದು ತೊಡಕುಂಟು. ಮನುಷ್ಯನಿಗೆ ಕಾಲು ಮುರಿದರೆ ಹಾಸಿಗೆ ಹಿಡಿಯುತ್ತಾನೆ. ಕುದುರೆ ಬಹಳ ಹೊತ್ತು ಮಲಗಿರಲಾರದು; ಮಲಗಿದರೆ ತನ್ನ ಭಾರಕ್ಕೆ ತನ್ನದೇ ಶ್ವಾಸಕೋಶವೂ ಮಾಂಸಖಂಡಗಳೂ ನಲುಗುತ್ತವೆ. ನಿಂತೇ ಇರಬೇಕಾದರೆ ಉಳಿದ ಕಾಲುಗಳ ಮೇಲೆ ಹೊರೆ ಹೆಚ್ಚುತ್ತದೆ. ಗೊರಸಿನ ಹೊರಗೋಡೆಯನ್ನು ಒಳಗಿನ ಎಲುಬಿಗೆ ಅಂಟಿಸಿರುವುದು ಪುಸ್ತಕದ ಹಾಳೆಗಳಂಥ ತೆಳುವಾದ ಪದರಗಳು. ಹೆಜ್ಜೆಯಿಟ್ಟಾಗ ಒತ್ತಿ, ಎತ್ತಿದಾಗ ಸಡಿಲಿಸಿ, ಹೀಗೆ ನಡಿಗೆಯಿಂದಲೇ ಆ ಪದರಗಳಿಗೆ ರಕ್ತ ಚೆನ್ನಾಗಿ ಹರಿಯುತ್ತದೆ. ಒಂದೇ ಕಾಲು ಎಡೆಬಿಡದೆ ಭಾರ ಹೊತ್ತು ನಿಂತರೆ ಪದರಗಳು ಸೊರಗಿ ಬಿಟ್ಟುಕೊಳ್ಳುತ್ತವೆ. ಗೊರಸಿನ ಈ ಉರಿಯೂತವೇ ಲ್ಯಾಮಿನೈಟಿಸ್. ಮುರಿದ ಕಾಲು ಗುಣವಾಗುತ್ತಿರುವಾಗಲೇ ಗಟ್ಟಿಯಾಗಿದ್ದ ಕಾಲು ಕೈಕೊಡುವುದು ಇದರಿಂದ.

ಹೀಗೆ, ಗಾಯಗೊಂಡ ಕುದುರೆಗೆ ವಿಶ್ರಾಂತಿಯೇ ಮದ್ದು, ವಿಶ್ರಾಂತಿಯೇ ವಿಷ. ಎಷ್ಟು ಹೊತ್ತು ನಿಲ್ಲಿಸಬೇಕು, ಎಷ್ಟು ಹೊತ್ತು ನಡೆಸಬೇಕು ಎಂಬ ಅಳತೆಯಲ್ಲಿಯೇ ಚಿಕಿತ್ಸೆಯ ಸಾರವೆಲ್ಲ ಇದೆ.

ಪೋಲೋ ಮೈದಾನದಿಂದ ಲಾಯಕ್ಕೆ

ಪಶುಗಳ ವೈದ್ಯ ನಮ್ಮ ನಾಡಿಗೆ ಹೊಸದಲ್ಲ. ವಿರಾಟನ ಮನೆಯಲ್ಲಿ ಅಜ್ಞಾತವಾಸ ಕಳೆದ ನಕುಲ ಕುದುರೆಯ ಲಾಯವನ್ನೇ ಆರಿಸಿಕೊಂಡುದು ಎಲ್ಲರಿಗೂ ತಿಳಿದ ಕಥೆ. ಕನ್ನಡದಲ್ಲಿಯೇ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿದನು. ಸುಮಾರು 1400ರಲ್ಲಿ ಅಭಿನವಚಂದ್ರನೆಂಬವನು ಕುದುರೆಗಳ ವೈದ್ಯವನ್ನು ಕುರಿತು ಬರೆದನು. ಹುಲ್ಲಿನ ಸುರುಳಿಯಿಂದ ಕುದುರೆಯ ಮೈಯನ್ನು ತಿಕ್ಕುವುದು, ಊದಿದ ಕಾಲನ್ನು ತಣ್ಣೀರಿನಲ್ಲಿ ನಿಲ್ಲಿಸುವುದು, ಬೆವರಿದ ಕುದುರೆಯನ್ನು ಆರುವವರೆಗೆ ಮೆಲ್ಲನೆ ನಡೆಸುವುದು, ಇವೆಲ್ಲ ಲಾಯದ ಆಳುಗಳಿಗೆ ತಲೆಮಾರುಗಳಿಂದ ತಿಳಿದ ಕೆಲಸಗಳು. ಅಂಗಚಿಕಿತ್ಸೆಯ ಬೀಜ ಇಲ್ಲಿಯೇ ಇದೆಯೆನ್ನಬಹುದು.

ಆದರೆ ಅಂಗರಚನೆಯ ಶಾಸ್ತ್ರವನ್ನು ಓದಿದ ಚಿಕಿತ್ಸಕನು ಲಾಯದೊಳಕ್ಕೆ ಕಾಲಿಟ್ಟುದು ಇಪ್ಪತ್ತನೆಯ ಶತಮಾನದಲ್ಲಿ. ಚಾರ್ಲ್ಸ್ ಸ್ಟ್ರಾಂಗ್ ಎಂಬ ಆಂಗ್ಲ ಚಿಕಿತ್ಸಕರು ಮನುಷ್ಯರ ಮಾಂಸಖಂಡಗಳ ಗಾಯಗಳನ್ನು ಮೃದುವಾದ ವಿದ್ಯುತ್ ಪ್ರವಾಹದಿಂದ ಗುಣಪಡಿಸುವುದರಲ್ಲಿ ಹೆಸರು ಪಡೆದಿದ್ದರು. ಅವರ ರೋಗಿಗಳಲ್ಲಿ ಒಬ್ಬರು ಮುಂದೆ ಭಾರತದ ಕಡೆಯ ವೈಸರಾಯ್ ಆದ ಲಾರ್ಡ್ ಮೌಂಟ್‌ಬ್ಯಾಟನ್. ಪೋಲೋ ಆಟದಲ್ಲಿ ಪೆಟ್ಟು ತಿಂದು ಚಿಕಿತ್ಸೆಗೆ ಬಂದ ಮೌಂಟ್‌ಬ್ಯಾಟನ್ನರು, ತಮಗೆ ಗುಣ ಕೊಟ್ಟ ಈ ಚಿಕಿತ್ಸೆ ತಮ್ಮ ಕುದುರೆಗಳಿಗೂ ಏಕೆ ಆಗಬಾರದೆಂದು ಕೇಳಿದರಂತೆ. 1939ರ ಸುಮಾರಿನ ಮಾತು ಇದು. ಸ್ಟ್ರಾಂಗ್ ಕುದುರೆಯ ಮೈಗೂ ಅದೇ ಪ್ರವಾಹವನ್ನು ಹಾಯಿಸಿ ನೋಡಿದರು. ಪ್ರವಾಹ ಹಾಯ್ದಾಗ ಮಾಂಸಖಂಡ ಬಿಗಿಯುತ್ತದೆ, ನಿಂತಾಗ ಸಡಿಲಗೊಳ್ಳುತ್ತದೆ. ಗಾಯಗೊಂಡ ಕುದುರೆ ನಿಂತಲ್ಲಿಯೇ ನಿಂತು ವ್ಯಾಯಾಮ ಮಾಡಿದಂತಾಗುತ್ತದೆ.

ಬ್ರಿಟನ್ನಿನಲ್ಲಿ 1962ರ ಆಜ್ಞೆಯೊಂದು ಈ ಪದ್ಧತಿಗೆ ಕಾನೂನಿನ ನೆಲೆ ಒದಗಿಸಿತು. ಪಶುವೈದ್ಯರು ಪರೀಕ್ಷಿಸಿ ಅಪ್ಪಣೆ ಕೊಟ್ಟ ಪ್ರಾಣಿಗೆ, ಅವರ ಮೇಲ್ವಿಚಾರಣೆಯಲ್ಲಿ, ಅಂಗಚಿಕಿತ್ಸಕರು ಚಿಕಿತ್ಸೆ ನಡೆಸಬಹುದೆಂಬುದು ಅದರ ಸಾರ. ಅಮೆರಿಕದಲ್ಲಿ ಈ ಶಾಖೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1999ರಲ್ಲಿ ಆರೆಗಾನ್ ರಾಜ್ಯದಲ್ಲಿ ಸೇರಿತು. 2010ರಲ್ಲಿ ಅಲ್ಲಿನ ಪಶುವೈದ್ಯ ಸಂಘವು ಇದನ್ನು ಪ್ರತ್ಯೇಕ ತಜ್ಞಶಾಖೆಯೆಂದು ಒಪ್ಪಿಕೊಂಡಿತು.

ಬಾಯಿಲ್ಲದವರ ನೋವು

ಚಿಕಿತ್ಸೆಗೆ ಮೊದಲು ನೋವೆಲ್ಲಿ ಎಂದು ತಿಳಿಯಬೇಕಷ್ಟೆ. ಕುದುರೆ ಬೇಟೆಗೆ ಸಿಕ್ಕಿಬೀಳುವ ಜಾತಿಯ ಪ್ರಾಣಿ. ಕಾಡಿನಲ್ಲಿ ನೋವನ್ನು ತೋರಗೊಟ್ಟ ಕುದುರೆಯ ಮೇಲೆಯೇ ಹಗೆಯ ಕಣ್ಣು. ಆದುದರಿಂದ ನೋವನ್ನು ಅಡಗಿಸುವ ಗುಣ ಅದರ ರಕ್ತದಲ್ಲಿಯೇ ಬಂದಿದೆ. ಬಲ್ಲವನು ಅದರ ತಲೆಯನ್ನು ನೋಡುತ್ತಾನೆ. ಮುಂಗಾಲು ನೋಯುತ್ತಿರುವ ಕುದುರೆ ಆ ಕಾಲನ್ನು ನೆಲಕ್ಕೆ ಊರುವಾಗ ಭಾರವನ್ನು ತಪ್ಪಿಸಲು ತಲೆಯನ್ನು ಮೇಲೆತ್ತುತ್ತದೆ, ಒಳ್ಳೆಯ ಕಾಲನ್ನು ಊರುವಾಗ ತಗ್ಗಿಸುತ್ತದೆ. ಕಾಲಿನ ಸುದ್ದಿಯನ್ನು ತಲೆ ಹೇಳುವುದು ಸೋಜಿಗವಾದರೂ ನಿಜ.

2014ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಕುದುರೆಯ ಮುಖದಲ್ಲಿ ನೋವಿನ ಆರು ಗುರುತುಗಳನ್ನು ಪಟ್ಟಿಮಾಡಿತು: ಹಿಂದಕ್ಕೆ ಸೆಟೆದ ಕಿವಿ, ಕಿರಿದಾದ ಕಣ್ಣು, ಕಣ್ಣಿನ ಮೇಲ್ಭಾಗದ ಬಿಗಿತ, ಉಬ್ಬಿ ನಿಂತ ದವಡೆಯ ಮಾಂಸಖಂಡ, ಬಿಗಿಹಿಡಿದ ಬಾಯಿ, ಸೆಟೆದ ಮೂಗಿನ ಹೊಳ್ಳೆ. ಕುದುರೆಯೊಡನೆ ಬಾಳಿದ ಮುದುಕನಿಗೆ ಕಣ್ಣಂದಾಜಿಗೆ ಸಿಗುತ್ತಿದ್ದ ತಿಳಿವಳಿಕೆ ಹೀಗೆ ಹೊಸಬನೂ ಎಣಿಸಬಹುದಾದ ಅಂಕವಾಯಿತು.

ನಾಯಿಯ ಸಂಗತಿ ಬೇರೆ; ಅದೂ ನೋವನ್ನು ಮುಚ್ಚಿಡುತ್ತದೆ, ಆದರೆ ಮನೆಮಂದಿಯ ಕಣ್ಣಮುಂದೆಯೇ ಇರುವುದರಿಂದ ಸಿಕ್ಕಿಬೀಳುತ್ತದೆ. ಮೊದಲು ಮಹಡಿಯ ಮೆಟ್ಟಿಲನ್ನು ಒಂದೇ ಉಸುರಿಗೆ ಏರುತ್ತಿದ್ದುದು ಕೆಳಗೇ ನಿಂತು ನೋಡುತ್ತದೆ. ಕುಳಿತಾಗ ಒಂದು ಹಿಂಗಾಲನ್ನು ಪಕ್ಕಕ್ಕೆ ಚಾಚಿಕೊಳ್ಳುತ್ತದೆ. ಬೆಳಗ್ಗೆ ಏಳುವಾಗ ಮುಂಗಾಲಿನ ಮೇಲೆ ಜಗ್ಗಿ ಏಳುತ್ತದೆ. “ವಯಸ್ಸಾಯಿತು” ಎಂದು ಮನೆಯವರು ಸುಮ್ಮನಾಗುವುದು ಈ ಹಂತದಲ್ಲಿಯೇ. ಚಿಕಿತ್ಸಕನು ಹೊಲಿಗೆಯವನ ಅಳತೆಪಟ್ಟಿಯಿಂದ ಎರಡು ತೊಡೆಗಳನ್ನೂ ಸುತ್ತಿ ಅಳೆದರೆ ಗುಟ್ಟು ಬಯಲಾಗುತ್ತದೆ. ಬಳಸದೆ ಬಿಟ್ಟ ಕಾಲಿನ ತೊಡೆ ಕೆಲವೇ ವಾರಗಳಲ್ಲಿ ಇಳಿದುಹೋಗಿರುತ್ತದೆ.

ಗಜ್ಜರಿಯ ಆಸೆ, ದಾಟುವ ಕೋಲು

ಮಾತಿನಿಂದ ಮಾಡಿಸಲಾಗದುದನ್ನು ಆಸೆಯಿಂದ ಮಾಡಿಸಬೇಕು. ಕುದುರೆಯ ಬೆನ್ನನ್ನು ಬಲಪಡಿಸುವ ವ್ಯಾಯಾಮಗಳಿಗೆ ಬೇಕಾದ ದೊಡ್ಡ ಸಲಕರಣೆ ಒಂದು ಗಜ್ಜರಿ. ಚಿಕಿತ್ಸಕನು ಅದನ್ನು ಕುದುರೆಯ ಮೂತಿಯ ಮುಂದೆ ಹಿಡಿದು ಎದೆಯ ಕಡೆಗೆ ತರುತ್ತಾನೆ. ಕುದುರೆ ಗಲ್ಲವನ್ನು ಎದೆಗೆ ತಾಗಿಸುತ್ತದೆ. ಮುಂಗಾಲುಗಳ ನಡುವೆ ಕೆಳಕ್ಕೆ ಒಯ್ಯುತ್ತಾನೆ. ಕುದುರೆ ಬೆನ್ನನ್ನು ಬಿಲ್ಲಿನಂತೆ ಎತ್ತಿ ಬಾಗುತ್ತದೆ. ಪಕ್ಕೆಯ ಕಡೆಗೆ, ಸೊಂಟದ ಕಡೆಗೆ, ಹಿಂಗಾಲಿನ ಕಡೆಗೆ ಒಯ್ದರೆ ಕುತ್ತಿಗೆಯೂ ಬೆನ್ನೂ ಆಯಾ ಕಡೆಗೆ ತಿರುಗುತ್ತವೆ. ಪ್ರತಿ ಭಂಗಿಯಲ್ಲಿಯೂ ಕೆಲವು ಕ್ಷಣ ನಿಲ್ಲಿಸಿ, ಆಮೇಲೆ ಗಜ್ಜರಿಯನ್ನು ಕೊಟ್ಟುಬಿಡಬೇಕು. ಮೋಸ ಮಾಡಿದರೆ ನಾಳೆ ಕುದುರೆ ಬಾಗದು.

ನೋಡುವವರಿಗೆ ಇದು ಮಕ್ಕಳಾಟದಂತೆ ಕಂಡೀತು. ಆದರೆ ನರೆಲ್ ಸ್ಟಬ್ಸ್, ಹಿಲರಿ ಕ್ಲೇಟನ್ ಮೊದಲಾದ ತಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಎಂಟು ಕುದುರೆಗಳಿಗೆ ಮೂರು ತಿಂಗಳ ಕಾಲ, ವಾರಕ್ಕೆ ಐದು ದಿನ, ಇಂಥ ವ್ಯಾಯಾಮ ಮಾಡಿಸಿದರು. ಬೆನ್ನೆಲುಬಿಗೆ ಒತ್ತಾಗಿ ಕುಳಿತು ಅದರ ಕೀಲುಗಳನ್ನು ಭದ್ರವಾಗಿ ಹಿಡಿದಿರುವ ಮಾಂಸಖಂಡದ ಗಾತ್ರವನ್ನು ಅಲ್ಟ್ರಾಸೌಂಡ್ ಯಂತ್ರದಿಂದ ಮೊದಲೂ ಕೊನೆಗೂ ಅಳೆದರು. ಸವಾರನಿಲ್ಲದೆ, ಓಟವಿಲ್ಲದೆ, ನಿಂತಲ್ಲಿಯೇ ಬಾಗಿದ ಆ ಕುದುರೆಗಳ ಮಾಂಸಖಂಡ ಬೆಳೆದಿತ್ತು.

ಎರಡನೆಯ ಉಪಾಯ ದಾಟುವ ಕೋಲು. ನೆಲದ ಮೇಲೆ ಮರದ ಗಳುಗಳನ್ನು ಅಳತೆಯ ಅಂತರದಲ್ಲಿ ಸಾಲಾಗಿ ಇಟ್ಟು, ಪ್ರಾಣಿಯನ್ನು ಮೆಲ್ಲನೆ ಅವುಗಳ ಮೇಲೆ ನಡೆಸುತ್ತಾರೆ. ಎಡವಬಾರದೆಂದು ಪ್ರತಿ ಕಾಲನ್ನೂ ಎತ್ತಿ ಮಡಿಸಲೇಬೇಕು. ಕೀಲುಗಳು ತಾವಾಗಿ ಬಾಗುತ್ತವೆ. ಕಾಲೆಲ್ಲಿ ಊರಬೇಕೆಂದು ಪ್ರಾಣಿ ತಾನೇ ನೋಡಿ ನಡೆಯುತ್ತದೆ. ಕುದುರೆಗೆ ದಪ್ಪ ಗಳು, ನಾಯಿಗೆ ಪೊರಕೆಯ ಹಿಡಿಯಷ್ಟು ತೆಳುವಾದ ಕೋಲು, ವ್ಯತ್ಯಾಸ ಇಷ್ಟೆ. ಇವಲ್ಲದೆ ಕೆಲವು ಹೆಜ್ಜೆ ಹಿಂದಕ್ಕೆ ನಡೆಸುವುದು, ಇಳಿಜಾರನ್ನು ಏರಿಸುವುದು, ಬಾಲವನ್ನು ಮೃದುವಾಗಿ ಪಕ್ಕಕ್ಕೆಳೆದು ಕುದುರೆ ಅದಕ್ಕೆ ಪ್ರತಿಯಾಗಿ ತೊಡೆಯನ್ನು ಬಿಗಿಯುವಂತೆ ಮಾಡುವುದು, ಹೀಗೆ ಒಂದೊಂದು ಅಂಗಕ್ಕೆ ಒಂದೊಂದು ಯುಕ್ತಿ.

ರಜ್ಜು ಹರಿದ ಕುದುರೆಗಾದರೋ ಕ್ಯಾಲೆಂಡರೇ ವೈದ್ಯ. ಮೊದಲು ಲಾಯದ ವಿಶ್ರಾಂತಿ, ತಣ್ಣೀರಿನ ಪಟ್ಟಿ. ಊತ ಇಳಿದ ಮೇಲೆ ಹಗ್ಗ ಹಿಡಿದು ದಿನಕ್ಕೆ ಐದು ಹತ್ತು ನಿಮಿಷ ನಡಿಗೆ. ವಾರ ವಾರವೂ ಕೆಲವೇ ನಿಮಿಷಗಳ ಏರಿಕೆ. ಮೂರು ನಾಲ್ಕು ತಿಂಗಳಾದ ಮೇಲೆ ಒಂದಿಷ್ಟು ಕುಕ್ಕುಲೋಟ. ನಡುನಡುವೆ ಅಲ್ಟ್ರಾಸೌಂಡಿನಿಂದ ರಜ್ಜುವಿನ ಎಳೆಗಳನ್ನು ನೋಡಿ, ಕೂಡಿಕೊಳ್ಳುತ್ತಿದ್ದರೆ ಮಾತ್ರ ಮುಂದಿನ ಹಂತ. ನಾಗಾಲೋಟಕ್ಕೆ ಬಿಡಲು ಒಂಬತ್ತರಿಂದ ಹನ್ನೆರಡು ತಿಂಗಳು ಬೇಕಾಗುವುದು ಸಾಮಾನ್ಯ. ಈ ಮಿತವಾದ ನಡಿಗೆಯಿಂದ ಆಗುವ ಉಪಕಾರವೇನೆಂದರೆ, ಹೊಸದಾಗಿ ಬೆಳೆಯುವ ಎಳೆಗಳು ಸಿಕ್ಕುಸಿಕ್ಕಾಗದೆ ಎಳೆತದ ದಿಕ್ಕಿಗೆ ಸಾಲಾಗಿ ಕೂಡುತ್ತವೆ. ನಾಲ್ಕನೆಯ ತಿಂಗಳಿಗೆ ಕುದುರೆ ಕುಂಟುವುದನ್ನು ಬಿಟ್ಟು ಕುಣಿಯುತ್ತಿರುತ್ತದೆ. ನೋಡಿದವರಿಗೆ ಗುಣವಾದಂತೆಯೇ ತೋರುತ್ತದೆ. ಆಗ ಪಂದ್ಯದ ಆಸೆಯಿಂದ ಓಡಿಸಿದ ಒಡೆಯನು ವರ್ಷದ ದುಡಿಮೆಯನ್ನು ಒಂದು ಬೆಳಗಿನಲ್ಲಿ ಕಳೆದುಕೊಳ್ಳುತ್ತಾನೆ.

ನೀರು ಹೊತ್ತ ಭಾರ

ಕೆರೆಯಲ್ಲಿ ಮುಳುಗಿದ ಕೊಡವನ್ನು ನೀರಿನೊಳಗೆ ಎತ್ತುವುದು ಸುಲಭ, ಹೊರಗೆ ತೆಗೆಯುವಾಗಲೇ ಭಾರ. ಈ ಸಾಮಾನ್ಯ ಅನುಭವವನ್ನೇ ಚಿಕಿತ್ಸಕರು ಯಂತ್ರವಾಗಿ ಕಟ್ಟಿದ್ದಾರೆ. ಗಾಜಿನ ಪೆಟ್ಟಿಗೆಯಂಥ ತೊಟ್ಟಿ. ಅದರ ತಳದಲ್ಲಿ ಉರುಳುವ ಪಟ್ಟಿ. ನಾಯಿಯನ್ನು ಒಳಗೆ ನಿಲ್ಲಿಸಿ ಬೆಚ್ಚನೆಯ ನೀರನ್ನು ತುಂಬಿ, ಪಟ್ಟಿಯನ್ನು ಮೆಲ್ಲನೆ ಉರುಳಿಸುತ್ತಾರೆ. ನಾಯಿ ನಿಂತಲ್ಲಿಯೇ ನಡೆಯುತ್ತದೆ.

ನೀರಿನ ಎತ್ತರವೇ ಇಲ್ಲಿ ಔಷಧದ ಪ್ರಮಾಣ. 2010ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ, ನೀರು ನಾಯಿಯ ಹಿಂಗಾಲಿನ ಹಿಮ್ಮಡಿಯ ಕೀಲಿನವರೆಗೆ ಇದ್ದಾಗ ಕಾಲುಗಳು ಹೊರುವುದು ದೇಹದ ತೂಕದ ನೂರಕ್ಕೆ 91 ಪಾಲು. ಮಂಡಿಯವರೆಗೆ ಬಂದಾಗ 85 ಪಾಲು. ಸೊಂಟದ ಕೀಲಿನವರೆಗೆ ಏರಿದಾಗ 38 ಪಾಲು ಮಾತ್ರ. ಮೂವತ್ತು ಕಿಲೋ ತೂಗುವ ಲ್ಯಾಬ್ರಡಾರ್ ನಾಯಿ ಸೊಂಟದಷ್ಟು ನೀರಿನಲ್ಲಿ ಹನ್ನೊಂದೂವರೆ ಕಿಲೋ ಭಾರವನ್ನಷ್ಟೇ ಹೊತ್ತು ನಡೆಯುತ್ತದೆಂದಾಯಿತು. ನೆಲದ ಮೇಲೆ ಊರಲು ಹೆದರುತ್ತಿದ್ದ ಕಾಲನ್ನು ಅಲ್ಲಿ ಧೈರ್ಯವಾಗಿ ಊರುತ್ತದೆ. ದಿನ ಕಳೆದಂತೆ ನೀರನ್ನು ತಗ್ಗಿಸುತ್ತ ಬಂದರೆ ಕಾಲು ತನಗರಿಯದಂತೆಯೇ ತನ್ನ ಹೊರೆಯನ್ನು ಮರಳಿ ಹೊರಲು ಕಲಿಯುತ್ತದೆ.

ಕುದುರೆಗಳಿಗೂ ಇಂಥ ದೊಡ್ಡ ತೊಟ್ಟಿಗಳುಂಟು, ಈಜುಕೊಳಗಳೂ ಉಂಟು. ಆದರೆ ಈಜು ಎಲ್ಲ ಕುದುರೆಗಳಿಗೂ ಹಿತವಲ್ಲ. ಈಜುವಾಗ ಕುದುರೆ ತಲೆಯೆತ್ತಿ ಬೆನ್ನನ್ನು ಒಳಕ್ಕೆ ತಗ್ಗಿಸುತ್ತದೆ. ಬೆನ್ನುನೋವಿನ ಕುದುರೆಗೆ ಇದರಿಂದ ಹಾನಿಯೇ ಹೆಚ್ಚು. ಇಂದಿನ ದಿನಗಳಲ್ಲಿ ಲೇಸರ್ ಕಿರಣ, ಕಾಂತಚಿಕಿತ್ಸೆ, ಶಬ್ದತರಂಗ ಎಂದು ಬಗೆಬಗೆಯ ಯಂತ್ರಗಳೂ ಬಂದಿವೆ. ಇವೆಲ್ಲಕ್ಕೂ ಒಂದೇ ತೂಕದ ಸಾಕ್ಷ್ಯವಿಲ್ಲ. ಯಂತ್ರ ಯಾವುದೇ ಇರಲಿ, ಅಳತೆಯರಿತು ಏರಿಸಿದ ವ್ಯಾಯಾಮವೇ ಚಿಕಿತ್ಸೆಯ ಬೆನ್ನೆಲುಬು.

ಮನೆಯ ನಾಯಿಗೆ ಮನೆಯೇ ಶಾಲೆ

ನಗರದ ಮನೆಗಳಲ್ಲಿ ಮುದ್ದಿನಿಂದ ಸಾಕುವ ಡ್ಯಾಷ್‌ಹಂಡ್ ನಾಯಿಯನ್ನು ನೋಡದವರಾರು? ಗಿಡ್ಡ ಕಾಲು, ಉದ್ದ ಬೆನ್ನು. ಆ ಗಿಡ್ಡತನವನ್ನು ತಂದ ವಂಶಗುಣವೇ ಬೆನ್ನುಮೂಳೆಗಳ ನಡುವಣ ಮೆತ್ತೆಗಳನ್ನೂ ಎಳೆಯ ವಯಸ್ಸಿನಲ್ಲಿಯೇ ಗಡುಸಾಗಿಸುತ್ತದೆ. ಸೋಫಾದಿಂದ ಹಾರಿದ ಒಂದು ಕ್ಷಣದಲ್ಲಿ ಮೆತ್ತೆ ಒಡೆದು ಬೆನ್ನುಹುರಿಯನ್ನು ಒತ್ತುವುದುಂಟು. ಬೆಳಗ್ಗೆ ಓಡಾಡುತ್ತಿದ್ದ ನಾಯಿ ಸಂಜೆಗೆ ಹಿಂಗಾಲುಗಳನ್ನು ಎಳೆದುಕೊಂಡು ತೆವಳುತ್ತದೆ. ಆಗ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಗಂಟೆಗಳೂ ಅಲ್ಲಿ ಲೆಕ್ಕಕ್ಕೆ ಬರುತ್ತವೆ.

ವೈದ್ಯರ ಕೆಲಸ ಮುಗಿದ ಮೇಲೆ ಮನೆಯವರ ಕೆಲಸ ಆರಂಭ. ದೊಡ್ಡ ತಳಿಯ ನಾಯಿಗಳಿಗೆ ಮಂಡಿಯ ಅಸ್ಥಿರಜ್ಜು ಹರಿದು ಶಸ್ತ್ರಕ್ರಿಯೆಯಾದಾಗಲೂ, ಮುದಿನಾಯಿಯ ಸೊಂಟ ಹಿಡಿದಾಗಲೂ ಮಾತು ಇದೇ. ವೈದ್ಯರು ಒಪ್ಪಿ, ಒಮ್ಮೆ ಮಾಡಿ ತೋರಿಸಿದ ಬಳಿಕ ಮನೆಯಲ್ಲಿಯೇ ನಡೆಸಬಹುದಾದ ಕ್ರಮಗಳು ಹೀಗಿವೆ.

ಮೊದಲನೆಯದು ಕೀಲುಗಳ ಚಲನೆ. ನಾಯಿಯನ್ನು ಮೆತ್ತನೆಯ ಹಾಸಿನ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಒಂದು ಕೈಯಿಂದ ಕೀಲಿನ ಮೇಲ್ಭಾಗವನ್ನೂ ಇನ್ನೊಂದರಿಂದ ಕೆಳಭಾಗವನ್ನೂ ಹಿಡಿದು ಮೆಲ್ಲನೆ ಮಡಿಸಿ, ಮೆಲ್ಲನೆ ನೀಡಬೇಕು. ಒಂದು ಸಲಕ್ಕೆ ಹತ್ತು ಹದಿನೈದು ಬಾರಿ, ದಿನಕ್ಕೆ ಎರಡು ಮೂರು ಸಲ. ನಾಯಿ ತಲೆ ತಿರುಗಿಸಿ ನೋಡಿತೆಂದರೆ ನೋವಾಯಿತೆಂದು ತಿಳಿದು ಅಲ್ಲಿಗೆ ನಿಲ್ಲಿಸಬೇಕು.

ಎರಡನೆಯದು ಕೂತು ಏಳುವ ವ್ಯಾಯಾಮ. ತಿಂಡಿಯ ತುಣುಕನ್ನು ತೋರಿಸಿ ಕೂರಿಸಿ, ತೋರಿಸಿ ಏಳಿಸುವುದು. ಮನುಷ್ಯರ ಬಸ್ಕಿಯೇ ಇದು. ತೊಡೆಯ ಮಾಂಸಖಂಡ ಬೆಳೆಯುತ್ತದೆ. ಗೋಡೆಯ ಮಗ್ಗುಲಲ್ಲಿ ಮಾಡಿಸಿದರೆ ನಾಯಿ ಕಾಲನ್ನು ಪಕ್ಕಕ್ಕೆ ಚಾಚಿ ಕಳ್ಳತನ ಮಾಡಲಾರದು.

ಮೂರನೆಯದು ಸಮತೋಲ. ನಾಯಿ ನಿಂತಿರುವಾಗ ಸೊಂಟವನ್ನು ಅಂಗೈಯಿಂದ ಅತ್ತಿತ್ತ ಬಹು ಮೃದುವಾಗಿ ಒತ್ತಿದರೆ, ಬೀಳದಿರಲು ಅದು ನೋಯುವ ಕಾಲಿನ ಮೇಲೂ ಭಾರ ಹಾಕಲೇಬೇಕಾಗುತ್ತದೆ. ಕೆಲವು ದಿನಗಳಾದ ಮೇಲೆ ದಿಂಬಿನ ಮೇಲೆ ನಿಲ್ಲಿಸಿ ಇದನ್ನೇ ಮಾಡಿಸಬಹುದು. ನಾಲ್ಕನೆಯದು ಹಗ್ಗ ಕಟ್ಟಿದ ನಿಧಾನವಾದ ನಡಿಗೆ. ವೇಗವಾಗಿ ನಡೆಸಿದರೆ ನಾಯಿ ಮೂರೇ ಕಾಲಿನಲ್ಲಿ ಕುಪ್ಪಳಿಸಿಕೊಂಡು ಹೋಗುತ್ತದೆ. ನಿಧಾನವಾಗಿ ನಡೆಸಿದರೆ ನಾಲ್ಕನೆಯದನ್ನೂ ಊರುತ್ತದೆ.

ಇವಕ್ಕೆಲ್ಲ ಮುಂಚೆ ಮನೆಯ ನೆಲವನ್ನು ನೋಡಬೇಕು. ನಮ್ಮ ಮನೆಗಳ ನುಣುಪಾದ ಗ್ರಾನೈಟು, ಮೊಸಾಯಿಕ್ಕು, ಟೈಲ್ಸು ಕಣ್ಣಿಗೆ ಚೆಂದ. ಸೊಂಟ ಹಿಡಿದ ನಾಯಿಗೆ ಅದು ಎಣ್ಣೆ ಹಚ್ಚಿದ ಬಂಡೆ. ನಾಯಿ ಓಡಾಡುವ ದಾರಿಗೆ ರಬ್ಬರಿನ ಚಾಪೆಯನ್ನೋ ಹಳೆಯ ಜಮಖಾನೆಯನ್ನೋ ಹಾಸಿದರೆ ಅರ್ಧ ಚಿಕಿತ್ಸೆಯಾದಂತೆ. ಮೈತೂಕ ಇಳಿಸಿದರೆ ಉಳಿದುದರಲ್ಲಿ ಬಹುಪಾಲು. ಇನ್ನು ಮನುಷ್ಯರ ನೋವಿನ ಮಾತ್ರೆಗಳನ್ನು ನಾಯಿಗೆ ಕೊಡಲೇಬಾರದು. ಐಬುಪ್ರೊಫೆನ್ನಿನಂಥ ಮಾತ್ರೆ ಅದರ ಹೊಟ್ಟೆಯನ್ನೂ ಮೂತ್ರಪಿಂಡಗಳನ್ನೂ ಕೆಡಿಸಿ ಪ್ರಾಣಕ್ಕೇ ಎರವಾದೀತು.

ಮಿದುಳಿನ ಅಪ್ಪಣೆಯಿಲ್ಲದೆ

ಬೆನ್ನುಹುರಿ ಪೂರ್ಣವಾಗಿ ಕೆಟ್ಟು, ಹಿಂಗಾಲಿನ ಬೆರಳನ್ನು ಗಟ್ಟಿಯಾಗಿ ಹಿಂಡಿದರೂ ನೋವೇ ತಿಳಿಯದ ನಾಯಿಯ ಗತಿಯೇನು? ಮಿದುಳಿನಿಂದ ಕಾಲಿಗೆ ಸುದ್ದಿ ಹೋಗುವ ದಾರಿ ಕಡಿದುಹೋಗಿದೆ. ಇನ್ನು ನಡಿಗೆಯಿಲ್ಲವೆಂದೇ ಯಾರಾದರೂ ಹೇಳುವರು.

ಆದರೆ ಹೆಜ್ಜೆಯ ಲಯವೆಂಬುದು ಬೆನ್ನುಹುರಿಯೊಳಗೇ ಅಡಗಿದೆಯೆಂದು ಥಾಮಸ್ ಗ್ರಹಾಂ ಬ್ರೌನ್ ಎಂಬ ವಿಜ್ಞಾನಿ 1911ರಷ್ಟು ಹಿಂದೆಯೇ ಬೆಕ್ಕುಗಳ ಮೇಲಣ ಪ್ರಯೋಗದಿಂದ ತೋರಿಸಿದ್ದರು. ಆ ಅಡಗಿದ ಲಯವನ್ನು ಎಬ್ಬಿಸಬಹುದೇ? 2017ರಲ್ಲಿ ಇಟಲಿಯ ವೈದ್ಯರು 81 ನಾಯಿಗಳ ವೃತ್ತಾಂತವನ್ನು ಪ್ರಕಟಿಸಿದರು. ಎಲ್ಲವೂ ನಡುಬೆನ್ನಿನಲ್ಲಿ ಹುರಿ ಕೆಟ್ಟು, ಹಿಂಗಾಲುಗಳಲ್ಲಿ ನೋವಿನ ಅರಿವನ್ನೇ ಕಳೆದುಕೊಂಡವು. ಅವುಗಳಿಗೆ ದಿನದಿನವೂ ತೀವ್ರವಾದ ಅಂಗಚಿಕಿತ್ಸೆ ನಡೆಸಿದರು. 48 ನಾಯಿಗಳು ಎದ್ದು ನಡೆದುವು. ಹಿಂಗಾಲುಗಳಲ್ಲಿ ಅರಿವು ಮರಳಿರಲಿಲ್ಲ. ಆದರೂ ಮುಂಗಾಲು ಮುಂದೆ ಹೋದಂತೆ ಅವು ತಾವಾಗಿ ಹೆಜ್ಜೆಯಿಟ್ಟುವು. ಆ ನಡಿಗೆ ಓರೆಕೋರೆಯಾದುದು, ಆಗಾಗ ಮುಗ್ಗರಿಸುವುದು. ಆದರೂ ಅದು ನಡಿಗೆ. ಅದಕ್ಕೆ ಹಿಡಿದುದು ವಾರಗಳಲ್ಲ, ತಿಂಗಳುಗಳು.

ಸೋಲಿನ ಲೆಕ್ಕವೂ ಬೇಕು

ಎಲ್ಲ ಕಥೆಗಳೂ ಮಿಲ್ ರೀಫ್‌ನ ಕಥೆಯಂತೆ ಮುಗಿಯುವುದಿಲ್ಲ. 2006ರಲ್ಲಿ ಅಮೆರಿಕದ ಕೆಂಟಕಿ ಡರ್ಬಿಯನ್ನು ಗೆದ್ದ ಬಾರ್ಬರೋ ಎಂಬ ಕುದುರೆ ಎರಡೇ ವಾರದಲ್ಲಿ, ಮೇ 20ರಂದು, ಬಾಲ್ಟಿಮೋರಿನ ಪಂದ್ಯದಲ್ಲಿ ಬಲ ಹಿಂಗಾಲನ್ನು ಮುರಿದುಕೊಂಡಿತು. ಎಲುಬು ಇಪ್ಪತ್ತಕ್ಕೂ ಹೆಚ್ಚು ಚೂರಾಗಿತ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಡೀನ್ ರಿಚರ್ಡ್‌ಸನ್ ಅವರು ಉಕ್ಕಿನ ಪಟ್ಟಿಯನ್ನೂ 27 ತಿರುಪುಮೊಳೆಗಳನ್ನೂ ಇಟ್ಟು ಕಾಲನ್ನು ಕೂಡಿಸಿದರು. ಅರಿವಳಿಕೆ ಇಳಿಯುವಾಗ ಕುದುರೆ ಬೆದರಿ ಎದ್ದು ಮತ್ತೆ ಮುರಿದುಕೊಳ್ಳಬಾರದೆಂದು, ಬೆಚ್ಚನೆಯ ನೀರಿನ ಕೊಳದಲ್ಲಿ ತೆಪ್ಪದ ಮೇಲೆ ತೇಲಿಸಿ ಎಚ್ಚರಿಸಿದರು. ಕಾಲು ಕೂಡಿಕೊಳ್ಳತೊಡಗಿತು. ಆದರೆ ಜುಲೈ ತಿಂಗಳಲ್ಲಿ ಭಾರ ಹೊತ್ತ ಎಡಗಾಲಿನ ಗೊರಸಿಗೆ ಲ್ಯಾಮಿನೈಟಿಸ್ ಬಂತು. ಆಗಸ್ಟಿನಲ್ಲಿ ಹೊರಗೆ ನಡೆದು ಹುಲ್ಲು ಮೇಯ್ದ ಕುದುರೆ, ಎಂಟು ತಿಂಗಳ ಹೋರಾಟದ ಕೊನೆಗೆ ನೋವು ತಾಳಲಾರದ ಸ್ಥಿತಿಗೆ ಬಂತು. 2007ರ ಜನವರಿ 29ರಂದು ಅದಕ್ಕೆ ಶಾಂತವಾದ ಸಾವನ್ನು ಕೊಟ್ಟರು.

ಮಾತು ಬಲ್ಲ ರೋಗಿಯಾದರೆ “ಇನ್ನೂ ಸ್ವಲ್ಪ ದಿನ ನೋಡೋಣ” ಎಂದೋ “ಸಾಕು” ಎಂದೋ ತಾನೇ ಹೇಳುತ್ತಾನೆ. ಮೂಕ ರೋಗಿಯ ಪರವಾಗಿ ಆ ಮಾತನ್ನು ಮನುಷ್ಯನೇ ಆಡಬೇಕು. ಯಾವಾಗ ಹಟ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬ ತೀರ್ಮಾನದಲ್ಲಿ ರೋಗಿಯ ಕಿವಿ ಕಣ್ಣುಗಳನ್ನು ಓದಿದವನಿಗೆ ಮಾತ್ರ ಅಧಿಕಾರ.

ದುಡ್ಡಿನ ಮಾತು, ಹೊತ್ತಿನ ಮಾತು

ಡರ್ಬಿ ಗೆದ್ದ ಕುದುರೆಗೆ ಕೊಳವೂ ತೆಪ್ಪವೂ ಸಿಕ್ಕಿದುವು; ಅದರ ಬೆಲೆ ಅಂಥದು. ಗಾಡಿ ಎಳೆಯುವ ಕುದುರೆ ಕುಂಟಿದರೆ ಅದರ ಒಡೆಯನ ಒಲೆಯೂ ಅಂದಿಗೆ ಆರುತ್ತದೆ. ಒಂಬತ್ತು ತಿಂಗಳು ಕಾಯುವ ಚೈತನ್ಯ ಅವನಿಗೆಲ್ಲಿ? ಬೀದಿಯ ನಾಯಿಗಂತೂ ಒಡೆಯನೇ ಇಲ್ಲ. ನೀರಿನ ತೊಟ್ಟಿ, ಅಲ್ಟ್ರಾಸೌಂಡು, ಲೇಸರು ಎಲ್ಲರ ಕೈಗೂ ಎಟುಕುವ ವಸ್ತುಗಳಲ್ಲ.

ಆದರೆ ಈ ವಿದ್ಯೆಯ ತಿರುಳನ್ನು ಬಿಡಿಸಿ ನೋಡಿದರೆ ಉಳಿಯುವುದೇನು? ಒಂದು ಗಜ್ಜರಿ, ನಾಲ್ಕು ಕೋಲು, ಒಂದು ಜಮಖಾನೆ, ಎರಡು ಕೈ. ಅದಕ್ಕೆ ತಗಲುವ ದೊಡ್ಡ ವೆಚ್ಚ ಹೊತ್ತು. ದಿನಕ್ಕೆ ಮೂರು ಬಾರಿ ಹತ್ತು ಹತ್ತು ನಿಮಿಷ, ತಿಂಗಳುಗಟ್ಟಲೆ, ಬೇಸರವಿಲ್ಲದೆ. ಮನೆಯ ಹುಡುಗನೊಬ್ಬನಿಗೆ ಈ ಕೆಲಸವನ್ನು ಒಪ್ಪಿಸಿದರೆ, ಕುಂಟುವ ನಾಯಿಯ ತೊಡೆಯ ಸುತ್ತಳತೆಯನ್ನು ವಾರ ವಾರವೂ ನೋಟ್ ಪುಸ್ತಕದಲ್ಲಿ ಬರೆದಿಡುತ್ತ ಅವನೂ ಒಂದು ಪಾಠ ಕಲಿತಾನು. ಗುಣವೆಂಬುದು ಒಂದು ದಿನ ಇದ್ದಕ್ಕಿದ್ದಂತೆ ಬರುವ ಅತಿಥಿಯಲ್ಲ. ಅರ್ಧ ಸೆಂಟಿಮೀಟರಿನಂತೆ, ಒಂದೊಂದೇ ಹೆಜ್ಜೆಯಂತೆ ನಡೆದುಬರುತ್ತದೆ. ಬಾಗಿಲು ತೆರೆದಿಟ್ಟು ಕಾಯುವ ತಾಳ್ಮೆ ಮನೆಯವರಲ್ಲಿರಬೇಕು.